ಆಘಾತ ಮತ್ತು ಅಂತ್ಯಸ್ವರ: ಬೆಂಗಳೂರು ದಂಡಿನ ಕನ್ನಡದಲ್ಲಿ ಇಂಗ್ಲಿಷಿನ ಸಮಸ್ತ ವಿಶೇಷಣಗಳು

೧. ಪೀಠಿಕೆ

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಪದಗಳ ಅಧ್ಯಯನ ಬಹುಮಟ್ಟಿಗೆ ಬಿಡಿ ನಾಮಪದಗಳ ಸುತ್ತ ನಡೆದಿದೆ. ಬಸ್ಸು, ರೋಡು, ಕಾರು, ಪೆನ್ನು ಮೊದಲಾದ ಪದಗಳು ಕನ್ನಡದ ಉಚ್ಚಾರಣೆಗೆ ಹೊಂದಿಕೊಂಡ ಬಗೆ ಕನ್ನಡ ಅಧ್ಯಾಪಕರಿಗೆ ಪರಿಚಿತವಾದ ಸಂಗತಿ. ಆದರೆ ಎರಡು ಪದಗಳು ಸೇರಿ ಒಂದೇ ವಿಶೇಷಣವಾಗಿ ನಿಲ್ಲುವ ‘ರೆಡಿಮೇಡ್’, ‘ಸೆಕೆಂಡ್‌ಹ್ಯಾಂಡ್’, ‘ಪಾರ್ಟ್‌ಟೈಮ್’, ‘ವಾಟರ್‌ಪ್ರೂಫ್’ ಮುಂತಾದವು ಕನ್ನಡ ವಾಕ್ಯದೊಳಗೆ ಹೇಗೆ ನಡೆದುಕೊಳ್ಳುತ್ತವೆ ಎಂಬುದು ಬೇರೆಯೇ ಆದ ಪ್ರಶ್ನೆ. ಇಂತಹ ಪದಗಳನ್ನು ಇಲ್ಲಿ ‘ಸಮಸ್ತ ವಿಶೇಷಣ’ಗಳೆಂದು ಕರೆಯಲಾಗಿದೆ.

ಇಂಗ್ಲಿಷಿನಲ್ಲಿ ಈ ವಿಶೇಷಣಗಳ ಅರ್ಥವನ್ನೂ ವಾಕ್ಯದಲ್ಲಿ ಅವುಗಳ ಸ್ಥಾನವನ್ನೂ ಕೇಳುಗನಿಗೆ ತಿಳಿಸುವಲ್ಲಿ ಆಘಾತಕ್ಕೆ, ಎಂದರೆ ಪದದ ಒಂದು ಭಾಗದ ಮೇಲೆ ಬೀಳುವ ಉಚ್ಚಾರಣೆಯ ಬಲಕ್ಕೆ, ಮುಖ್ಯ ಪಾತ್ರವಿದೆ. ಕನ್ನಡದಲ್ಲಿ ಪದದ ಅರ್ಥವನ್ನು ಬದಲಿಸುವಂತಹ ಆಘಾತವಿಲ್ಲ. ಹಾಗಾದರೆ ಆಘಾತವಿಲ್ಲದ ಭಾಷೆಗೆ ಆಘಾತವನ್ನು ಅವಲಂಬಿಸಿದ ಪದಗಳು ಬಂದಾಗ, ಆ ಕೆಲಸವನ್ನು ಯಾವುದು ನಿರ್ವಹಿಸುತ್ತದೆ?

ಈ ಪ್ರಶ್ನೆ ಕೇವಲ ಧ್ವನಿಶಾಸ್ತ್ರದ ಕುತೂಹಲವಲ್ಲ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯು ‘ರೆಡಿಮೇಡು’ ಎಂದಾಗ ಇಂಗ್ಲಿಷ್ ತರಗತಿಯಲ್ಲಿ ಅದು ಉಚ್ಚಾರದೋಷವೆನಿಸುತ್ತದೆ. ಕನ್ನಡ ತರಗತಿಯಲ್ಲಿ ಅದೇ ಮಾತು ಕಲಬೆರಕೆ ಎನಿಸುತ್ತದೆ. ಎರಡು ಕಡೆಯಲ್ಲೂ ಪದಾಂತ್ಯದ ಉಕಾರವನ್ನು ತಿದ್ದಿ ತೆಗೆಯಬೇಕಾದ ಕಸವೆಂದೇ ಭಾವಿಸಲಾಗುತ್ತದೆ. ಆ ಉಕಾರ ಕಸವಲ್ಲ, ವ್ಯಾಕರಣ ಎಂಬುದನ್ನೂ, ಅದರ ಬೇರು ಹಳಗನ್ನಡದ ಪದರಚನೆಯಲ್ಲಿದೆ ಎಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿ ದಿನನಿತ್ಯ ಕೇಳಿಬರುವ ಪದಗಳನ್ನೂ ಸ್ಥಳನಾಮಗಳನ್ನೂ ಆಧರಿಸಲಾಗಿದೆ.

೨. ದಂಡು ಪ್ರದೇಶದ ಭಾಷಿಕ ಹಿನ್ನೆಲೆ

೧೭೯೯ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ, ೧೮೦೯ರಲ್ಲಿ ಬ್ರಿಟಿಷರು ಬೆಂಗಳೂರಿನ ಪೇಟೆಯ ಈಶಾನ್ಯಕ್ಕೆ, ಹಲಸೂರಿನ ಆಸುಪಾಸಿನಲ್ಲಿ ಸೇನಾನೆಲೆಯನ್ನು ಸ್ಥಾಪಿಸಿದರು. ಜನರ ಬಾಯಲ್ಲಿ ಅದು ‘ದಂಡು’ ಎನಿಸಿತು. ೧೮೮೧ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಪ್ರದೇಶ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ೧೯೪೭ರ ಜುಲೈನಲ್ಲಿ ಅದು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಪೇಟೆ ಮತ್ತು ದಂಡುಗಳ ಪುರಸಭೆಗಳು ಒಂದಾಗಿ ನಗರಪಾಲಿಕೆ ರೂಪುಗೊಂಡಿತು.

ಹೀಗೆ ಸುಮಾರು ಒಂದೂವರೆ ಶತಮಾನ ಪ್ರತ್ಯೇಕವಾಗಿ ಬೆಳೆದ ಈ ಪ್ರದೇಶದಲ್ಲಿ ಕನ್ನಡದ ಜೊತೆಗೆ ತಮಿಳು, ದಖನಿ ಉರ್ದು, ತೆಲುಗು ಮತ್ತು ಇಂಗ್ಲಿಷ್ ಬೀದಿಯ ಭಾಷೆಗಳಾದವು. ಶಿವಾಜಿನಗರದ ಅಂಗಡಿಸಾಲಿನಲ್ಲಿ ಒಂದೇ ಇಂಗ್ಲಿಷ್ ಪದ ಮೂರು ನಾಲ್ಕು ಭಾಷೆಗಳ ಬಾಯಿಗೆ ಹೊಂದಿಕೊಳ್ಳಬೇಕಾಗುತ್ತದೆ. ಕನ್ನಡ, ತಮಿಳು, ತೆಲುಗುಗಳು ವ್ಯಂಜನಾಂತ ಪದಕ್ಕೆ ಉಕಾರವನ್ನು ಸೇರಿಸಿಕೊಳ್ಳುತ್ತವೆ. ದಖನಿಗೆ ಆ ಅಗತ್ಯವಿಲ್ಲ. ಅದು ‘ರೋಡ್’ ಎಂದು ವ್ಯಂಜನದಲ್ಲೇ ನಿಲ್ಲಿಸುತ್ತದೆ. ಆದುದರಿಂದ ದಂಡಿನ ಕನ್ನಡದಲ್ಲಿ ಉಕಾರವಿರುವ ಮತ್ತು ಇಲ್ಲದಿರುವ ಎರಡೂ ರೂಪಗಳು ಸದಾ ಕಿವಿಗೆ ಬೀಳುತ್ತವೆ. ಎರಡೂ ದೊರೆಯುವ ಕಡೆಯಲ್ಲಿ ಯಾವುದು ಎಲ್ಲಿ ಬರುತ್ತದೆ ಎಂಬುದು ವಿಚಾರಯೋಗ್ಯವಾಗುತ್ತದೆ.

೩. ಅಕ್ಷರ, ಉಚ್ಚಾರಾಂಶ, ಆಘಾತ

ಮುಂದಿನ ಚರ್ಚೆಗೆ ಮೂರು ಪರಿಭಾಷೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಬರವಣಿಗೆಯ ಘಟಕವನ್ನು ‘ಅಕ್ಷರ’ವೆಂದೂ ಉಚ್ಚಾರಣೆಯ ಘಟಕವನ್ನು ‘ಉಚ್ಚಾರಾಂಶ’ವೆಂದೂ ಇಲ್ಲಿ ಕರೆಯಲಾಗಿದೆ. ಇವೆರಡೂ ಯಾವಾಗಲೂ ಒಂದೇ ಅಲ್ಲ. ‘ಅಕ್ಕಿ’ ಎಂಬುದನ್ನು ಬರೆಯುವಾಗ ‘ಅ’, ‘ಕ್ಕಿ’ ಎಂಬ ಎರಡು ಅಕ್ಷರಗಳಾಗುತ್ತವೆ. ನುಡಿಯುವಾಗ ‘ಅಕ್’, ‘ಕಿ’ ಎಂದು ಒಡೆಯುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬ ಛಂದಸ್ಸಿನ ನಿಯಮ ಈ ಉಚ್ಚಾರಣೆಯ ವಿಭಜನೆಯನ್ನೇ ಅವಲಂಬಿಸಿದೆ. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಿಂದ ಮೊದಲ್ಗೊಂಡು ಕನ್ನಡ ಲಾಕ್ಷಣಿಕರು ಉಚ್ಚಾರಾಂಶದ ತೂಕವನ್ನು ಅಳೆಯುತ್ತಲೇ ಬಂದಿದ್ದಾರೆ.

‘ಒತ್ತು’ ಎಂಬ ಪದ ಒತ್ತಕ್ಷರವನ್ನೂ ಸೂಚಿಸುವುದರಿಂದ ಗೊಂದಲ ತಪ್ಪಿಸಲು ‘ಆಘಾತ’ ಎಂಬ ಪದವನ್ನು ಬಳಸಲಾಗಿದೆ. ಇಂಗ್ಲಿಷಿನಲ್ಲಿ ಆಘಾತ ಬಿದ್ದ ಉಚ್ಚಾರಾಂಶ ಬಲವಾಗಿಯೂ ಸ್ಪಷ್ಟವಾಗಿಯೂ ಕೇಳುತ್ತದೆ. ಬೀಳದ ಕಡೆಯಲ್ಲಿ ಸ್ವರ ಕ್ಷೀಣಿಸುತ್ತದೆ. ಕನ್ನಡದಲ್ಲಿ ಪ್ರತಿಯೊಂದು ಸ್ವರವೂ ತನ್ನ ಗುಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ; ವ್ಯತ್ಯಾಸವಿರುವುದು ಹ್ರಸ್ವದೀರ್ಘಗಳಲ್ಲಿ, ಎಂದರೆ ಮಾತ್ರೆಗಳಲ್ಲಿ. ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಕೃತಿಯಲ್ಲಿ ಆಘಾತವನ್ನು ನೆಚ್ಚಿದ ಇಂಗ್ಲಿಷ್ ಪದ್ಯಗಳ ಲಯವನ್ನು ಕನ್ನಡದ ಮಾತ್ರಾಗಣಗಳ ಮೂಲಕ ತಂದರು. ಒಂದು ಭಾಷೆಯಲ್ಲಿ ಆಘಾತ ಮಾಡುವ ಕೆಲಸವನ್ನು ಮತ್ತೊಂದು ಭಾಷೆ ತನ್ನದೇ ಸಾಧನದಿಂದ ನೆರವೇರಿಸಬಲ್ಲದು ಎಂಬುದಕ್ಕೆ ಇದು ಪದ್ಯಕ್ಷೇತ್ರದ ನಿದರ್ಶನ. ಬೀದಿಯ ಮಾತಿನಲ್ಲಿಯೂ ಇದಕ್ಕೆ ಸಮಾನವಾದ ಕ್ರಿಯೆ ನಡೆದಿದೆ.

ಮುಂದಿನ ಉದಾಹರಣೆಗಳಲ್ಲಿ ಪ್ರಧಾನ ಆಘಾತ ಬೀಳುವ ಭಾಗದ ಮೊದಲಿಗೆ ˈ ಎಂಬ ಚಿಹ್ನೆಯನ್ನು ಇಡಲಾಗಿದೆ.

೪. ಇಂಗ್ಲಿಷಿನಲ್ಲಿ ಸಮಸ್ತ ವಿಶೇಷಣದ ಆಘಾತ

ಚಾಮ್‌ಸ್ಕಿ ಮತ್ತು ಹ್ಯಾಲೆ ಅವರ ೧೯೬೮ರ ಗ್ರಂಥವು ಇಂಗ್ಲಿಷಿನ ಸಮಾಸಕ್ಕೂ ಪದಪುಂಜಕ್ಕೂ ಪ್ರತ್ಯೇಕ ಆಘಾತನಿಯಮಗಳನ್ನು ನಿರೂಪಿಸಿತು. ಸಮಾಸದಲ್ಲಿ ಮೊದಲ ಪದದ ಮೇಲೂ ಪದಪುಂಜದಲ್ಲಿ ಕೊನೆಯ ಪದದ ಮೇಲೂ ಪ್ರಧಾನ ಆಘಾತ ಬೀಳುತ್ತದೆ ಎಂಬುದು ಅದರ ಸಾರ. ತರಗತಿಯ ಕರಿಹಲಗೆ ‘ˈಬ್ಲ್ಯಾಕ್‌ಬೋರ್ಡ್’. ಕಪ್ಪು ಬಣ್ಣದ ಯಾವುದೋ ಹಲಗೆ ‘ಬ್ಲ್ಯಾಕ್ ˈಬೋರ್ಡ್’.

ಸಮಸ್ತ ವಿಶೇಷಣಗಳು ಈ ಸರಳ ನಿಯಮಕ್ಕೆ ಪೂರ್ಣವಾಗಿ ಒಳಪಡುವುದಿಲ್ಲ. ಅವುಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ನಾಮಪದ ಮೊದಲಿಗಿರುವ ಹಲವು ವಿಶೇಷಣಗಳಲ್ಲಿ ಆಘಾತ ಮೊದಲ ಪದದ ಮೇಲಿರುತ್ತದೆ: ‘ˈವಾಟರ್‌ಪ್ರೂಫ್’, ‘ˈಏರ್‌ಟೈಟ್’, ‘ˈಹೋಮ್‌ಸಿಕ್’. ಗುಣವಾಚಕ ಅಥವಾ ಸಂಖ್ಯಾವಾಚಕ ಮೊದಲಿಗಿರುವವುಗಳಲ್ಲಿ ಅದು ಸಾಮಾನ್ಯವಾಗಿ ಎರಡನೆಯ ಪದದ ಮೇಲಿರುತ್ತದೆ: ‘ರೆಡಿ-ˈಮೇಡ್’, ‘ಸೆಕೆಂಡ್-ˈಹ್ಯಾಂಡ್’, ‘ಒನ್-ˈವೇ’, ‘ಓಲ್ಡ್-ˈಫ್ಯಾಷನ್ಡ್’. ಪೀಟರ್ ರೋಚ್ ಅವರ ೧೯೮೩ರ ಧ್ವನಿಶಾಸ್ತ್ರ ಪಠ್ಯ ಈ ಬಗೆಯ ವಿಂಗಡಣೆಯನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಿದ ಪುಸ್ತಕಗಳಲ್ಲಿ ಒಂದು.

ಎರಡನೆಯ ವರ್ಗಕ್ಕೆ ಒಂದು ವಿಶೇಷವಿದೆ. ವಿಶೇಷಣವು ವಾಕ್ಯದಲ್ಲಿ ಆಖ್ಯಾತದ ಸ್ಥಾನದಲ್ಲಿದ್ದಾಗ ಆಘಾತ ಎರಡನೆಯ ಪದದ ಮೇಲಿರುತ್ತದೆ; ವಿಶೇಷ್ಯಕ್ಕೆ ಮೊದಲು ಬಂದಾಗ ಅದು ಮೊದಲ ಪದಕ್ಕೆ ಸರಿಯುತ್ತದೆ.

ಆಖ್ಯಾತಸ್ಥಾನ: ದಿಸ್ ಶರ್ಟ್ ಈಸ್ ರೆಡಿ-ˈಮೇಡ್.
ಪೂರ್ವಸ್ಥಾನ: ಎ ˈರೆಡಿ-ಮೇಡ್ ˈಶರ್ಟ್.

‘ಮೇಡ್’, ‘ಶರ್ಟ್’ ಎಂಬ ಎರಡು ಆಘಾತಗಳು ಒಂದರ ಪಕ್ಕದಲ್ಲೊಂದು ಬೀಳುವುದನ್ನು ಇಂಗ್ಲಿಷಿನ ಲಯ ಒಲ್ಲದು. ಆದುದರಿಂದ ಮೊದಲನೆಯದು ಹಿಂದಕ್ಕೆ ಸರಿಯುತ್ತದೆ. ಸ್ಥಳನಾಮಗಳೂ ವಿಶೇಷಣವಾದಾಗ ಹೀಗೆಯೇ ವರ್ತಿಸುತ್ತವೆ. ನಗರದ ಇಂಗ್ಲಿಷ್ ರೂಪ ಒಂಟಿಯಾಗಿ ನಿಂತಾಗ ‘ಬ್ಯಾಂಗ-ˈಲೋರ್’ ಎಂದಾಗುತ್ತದೆ. ಹಲಸೂರು ಕೆರೆಯ ಪಕ್ಕದಲ್ಲಿ ಇಂದೂ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ೧೯೧೨ರಲ್ಲಿ ರೂಪಿಸಿದ ಸ್ಫೋಟಕ ಕೊಳವೆಗೆ ಈ ನಗರದ ಹೆಸರೇ ಬಂದಿದೆ. ಆ ಹೆಸರನ್ನು ನುಡಿಯುವಾಗ ಆಘಾತ ಹಿಂದಕ್ಕೆ ಸರಿದು ‘ˈಬ್ಯಾಂಗಲೋರ್ ಟಾರ್-ˈಪೀಡೋ’ ಎಂದಾಗುತ್ತದೆ.

ದಂಡಿನ ಬೀದಿಗಳ ಹೆಸರಿನಲ್ಲಿಯೂ ಇಂಗ್ಲಿಷಿನ ಒಂದು ವಿಚಿತ್ರ ನಿಯಮ ಅಡಗಿದೆ. ‘ಸ್ಟ್ರೀಟ್’ ಎಂದು ಕೊನೆಗೊಳ್ಳುವ ಹೆಸರುಗಳಲ್ಲಿ ಆಘಾತ ಅದರ ಹಿಂದಿನ ಪದದ ಮೇಲಿರುತ್ತದೆ. ‘ರೋಡ್’ ಎಂದು ಕೊನೆಗೊಂಡರೆ ‘ರೋಡ್’ ಮೇಲೆಯೇ ಇರುತ್ತದೆ. ಇದರಂತೆ ‘ˈಚರ್ಚ್ ಸ್ಟ್ರೀಟ್’ ಎಂದೂ ‘ಬ್ರಿಗೇಡ್ ˈರೋಡ್’ ಎಂದೂ ನುಡಿಯಬೇಕು. ಪರಸ್ಪರ ಕೂಡುವ ಈ ಎರಡು ಬೀದಿಗಳ ಹೆಸರನ್ನು ಕನ್ನಡಿಗರು ಒಂದೇ ಧಾಟಿಯಲ್ಲಿ ‘ಚರ್ಚ್ ಸ್ಟ್ರೀಟು’, ‘ಬ್ರಿಗೇಡ್ ರೋಡು’ ಎನ್ನುತ್ತಾರೆ. ಆಘಾತದ ಭೇದ ಅಳಿದಿದೆ. ಆದರೆ ಎರಡರ ಕೊನೆಯಲ್ಲೂ ಉಕಾರವೊಂದು ಸೇರಿದೆ. ಆ ಉಕಾರದ ಕಡೆಗೆ ಈಗ ಗಮನ ಹರಿಸಬೇಕು.

೫. ಕನ್ನಡದಲ್ಲಿ ಉಕಾರದ ವ್ಯಾಪಾರ

ವ್ಯಂಜನಾಂತವಾದ ಇಂಗ್ಲಿಷ್ ಪದಕ್ಕೆ ಕನ್ನಡ ಉಕಾರವನ್ನು ಸೇರಿಸುತ್ತದೆ ಎಂಬುದು ಅರ್ಧಸತ್ಯ. ಸಮಸ್ತಪದದಲ್ಲಿ ಅದು ಎಲ್ಲಿ ಸೇರುತ್ತದೆ, ಎಲ್ಲಿ ಸೇರುವುದಿಲ್ಲ ಎಂಬುದನ್ನು ಗಮನಿಸಿದಾಗ ನಿಯಮದ ಇನ್ನರ್ಧ ತಿಳಿಯುತ್ತದೆ. ‘ಬಸ್ಸು’ ಎನ್ನುವವರೂ ‘ಬಸ್ಸು ಸ್ಟ್ಯಾಂಡು’ ಎನ್ನುವುದಿಲ್ಲ, ‘ಬಸ್ ಸ್ಟ್ಯಾಂಡು’ ಎನ್ನುತ್ತಾರೆ. ‘ಡಬಲ್ಲು’ ಎಂಬ ರೂಪ ಬಳಕೆಯಲ್ಲಿದ್ದರೂ ಇಂದಿರಾನಗರದ ರಸ್ತೆ ‘ಡಬಲ್ ರೋಡು’. ‘ಟಿನ್ನು’ ಎಂಬ ಪದವಿದ್ದರೂ ಕೃಷ್ಣರಾಜಪುರದ ಸಮೀಪದ ನಿಲ್ದಾಣ ‘ಟಿನ್ ಫ್ಯಾಕ್ಟರಿ’. ಉಕಾರ ಸಮಾಸದ ಒಳಗೆ ಬರುವುದಿಲ್ಲ. ಅದರ ಹೊರ ಅಂಚಿನಲ್ಲಿ ಮಾತ್ರ ಬರುತ್ತದೆ. ಎಂದರೆ ಅದು ಸಮಾಸ ಎಲ್ಲಿ ಮುಗಿಯಿತು ಎಂಬುದನ್ನು ಸೂಚಿಸುವ ಎಲ್ಲೆಗಲ್ಲು.

ಸಮಸ್ತ ವಿಶೇಷಣಗಳಲ್ಲಿ ಈ ಎಲ್ಲೆಗಲ್ಲು ಮತ್ತೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿಯೂ ಸಹಜವಾಗಿ ಬರುವ ಈ ಜೋಡಿಗಳನ್ನು ಪರಿಶೀಲಿಸಬಹುದು:

(ಅ) ಈ ಬಟ್ಟೆ ರೆಡಿಮೇಡು. — ರೆಡಿಮೇಡ್ ಬಟ್ಟೆ ತಂದರು.
(ಆ) ಈ ಗಾಡಿ ಸೆಕೆಂಡ್‌ಹ್ಯಾಂಡು. — ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡರು.
(ಇ) ಅವರ ಕೆಲಸ ಪಾರ್ಟ್‌ಟೈಮು. — ಪಾರ್ಟ್‌ಟೈಮ್ ಕೆಲಸ ಸಿಕ್ಕಿತು.

ಆಖ್ಯಾತಸ್ಥಾನದಲ್ಲಿ ಉಕಾರ ಇರುತ್ತದೆ. ವಿಶೇಷ್ಯಕ್ಕೆ ಮೊದಲು ಬಂದಾಗ ಲೋಪವಾಗುತ್ತದೆ. ‘ರೆಡಿಮೇಡು ಬಟ್ಟೆ’ ಎಂಬುದು ಕನ್ನಡಿಗನ ಕಿವಿಗೆ ತುಸು ತೊಡಕಾಗಿಯೇ ಕೇಳುತ್ತದೆ. ಇಂಗ್ಲಿಷಿನಲ್ಲಿ ಆಘಾತ ಜಾಗ ಬದಲಿಸುವುದು ಈ ಎರಡು ಸ್ಥಾನಗಳ ನಡುವೆಯೇ ಎಂಬುದು ಇಲ್ಲಿ ಗಮನಾರ್ಹ. ಕೇಳುಗನಿಗೆ ಎರಡೂ ಭಾಷೆಗಳು ತಿಳಿಸುವ ಸಂಗತಿ ಒಂದೇ: ‘ಮಾತು ಇಲ್ಲಿ ಮುಗಿಯಿತು’ ಅಥವಾ ‘ವಿಶೇಷ್ಯ ಇನ್ನೂ ಬರಬೇಕಾಗಿದೆ’. ಇಂಗ್ಲಿಷ್ ಇದನ್ನು ಬಲದ ಜಾಗದಿಂದ ತಿಳಿಸಿದರೆ, ಕನ್ನಡ ಒಂದು ಸ್ವರದ ಇರವು ಅಥವಾ ಅಳಿವಿನಿಂದ ತಿಳಿಸುತ್ತದೆ. ಕನ್ನಡದ ದೇಶ್ಯ ಗುಣವಾಚಕಗಳಲ್ಲಿಯೂ ಈ ಸ್ಥಾನಭೇದಕ್ಕೆ ರೂಪಭೇದವಿದೆ: ‘ದೊಡ್ಡ ಮನೆ’, ಆದರೆ ‘ಆ ಮನೆ ದೊಡ್ಡದು’.

ಈ ಹೋಲಿಕೆಗೆ ಮಿತಿಯೂ ಇದೆ. ‘ˈವಾಟರ್‌ಪ್ರೂಫ್’ ಎಂಬ ಮೊದಲ ವರ್ಗದ ಪದದಲ್ಲಿ ಇಂಗ್ಲಿಷಿನ ಆಘಾತ ಯಾವ ಸ್ಥಾನದಲ್ಲೂ ಕದಲುವುದಿಲ್ಲ. ಕನ್ನಡದಲ್ಲಿ ಮಾತ್ರ ‘ಈ ವಾಚು ವಾಟರ್‌ಪ್ರೂಫು’, ‘ವಾಟರ್‌ಪ್ರೂಫ್ ವಾಚು’ ಎಂದು ಉಕಾರ ಬಂದು ಹೋಗುತ್ತದೆ. ಮತ್ತೊಂದೆಡೆ ಸ್ವರಾಂತವಾದ ‘ಒನ್‌ವೇ’ ಎಂಬ ಪದ ಕನ್ನಡದಲ್ಲಿ ಎರಡು ಸ್ಥಾನಗಳಲ್ಲೂ ಒಂದೇ ರೂಪದಲ್ಲಿರುತ್ತದೆ: ‘ಈ ರೋಡು ಒನ್‌ವೇ’, ‘ಒನ್‌ವೇ ರೋಡು’. ಆದುದರಿಂದ ಉಕಾರವು ಆಘಾತದ ಅನುವಾದವಲ್ಲ. ಇಂಗ್ಲಿಷಿನ ಆಘಾತ ಸಮಾಸದ ಬಗೆಯನ್ನೂ ವಾಕ್ಯದಲ್ಲಿನ ಸ್ಥಾನವನ್ನೂ ಒಟ್ಟಿಗೆ ಸೂಚಿಸುತ್ತದೆ. ಕನ್ನಡದ ಉಕಾರ ಅವುಗಳಲ್ಲಿ ಎರಡನೆಯದನ್ನು ಮಾತ್ರ ವಹಿಸಿಕೊಂಡಿದೆ. ಅದೂ ವ್ಯಂಜನಾಂತ ಪದಗಳಲ್ಲಿ ಮಾತ್ರ. ಆದರೆ ತನ್ನ ವ್ಯಾಪ್ತಿಯಲ್ಲಿ ಅದು ಇಂಗ್ಲಿಷಿಗಿಂತ ಹೆಚ್ಚು ಕ್ರಮಬದ್ಧವಾಗಿದೆ.

೬. ಹಳಗನ್ನಡದ ಸಾಕ್ಷ್ಯ

ಈ ಕ್ರಮ ಇಂಗ್ಲಿಷ್ ಸಂಪರ್ಕದಿಂದ ಹೊಸದಾಗಿ ಹುಟ್ಟಿದುದಲ್ಲ. ಹಳಗನ್ನಡದಲ್ಲಿ ವ್ಯಂಜನಾಂತ ಪದಗಳು ಹೇರಳವಾಗಿದ್ದವು: ಕಣ್, ಮಣ್, ಕಲ್, ಕಾಲ್, ನೀರ್, ಊರ್. ನಡುಗನ್ನಡ, ಹೊಸಗನ್ನಡಗಳಿಗೆ ಬರುವಾಗ ಇವು ಉಕಾರಾಂತವಾದವು. ಹ್ರಸ್ವಸ್ವರದ ಏಕಾಕ್ಷರ ಪದಗಳಲ್ಲಿ ವ್ಯಂಜನ ದ್ವಿತ್ವವಾಯಿತು: ಕಣ್ಣು, ಮಣ್ಣು, ಕಲ್ಲು. ದೀರ್ಘಸ್ವರದವುಗಳಲ್ಲಿ ದ್ವಿತ್ವ ಬರಲಿಲ್ಲ: ಕಾಲು, ನೀರು, ಊರು. ಬಸ್ಸು, ಪೆನ್ನು, ಟಿನ್ನು ಒಂದು ಕಡೆ. ರೋಡು, ಕಾರು, ಬೂಟು ಇನ್ನೊಂದು ಕಡೆ. ಶತಮಾನಗಳ ಅಂತರದಲ್ಲಿ ನಿಯಮ ಒಂದೇ.

ಇನ್ನೂ ಮುಖ್ಯವಾದುದು ಸಮಾಸಗಳ ಸಾಕ್ಷ್ಯ. ಬಿಡಿಪದ ‘ಕಣ್ಣು’ ಆದ ಮೇಲೂ ಸಮಾಸದ ಪೂರ್ವಪದವಾಗಿ ‘ಕಣ್’ ಉಳಿಯಿತು: ಕಣ್ಣೀರು, ಕಣ್ಸನ್ನೆ, ಕಂಬನಿ. ಬಿಡಿಪದ ‘ಕಾಲು’ ಆದ ಮೇಲೂ ಕಾಲ್ನಡಿಗೆ, ಕಾಲ್ಗೆಜ್ಜೆ ಉಳಿದವು. ಹೀಗಾಗಿ ಈ ಎರಡು ಸಮೀಕರಣಗಳನ್ನು ಮುಂದಿಡಬಹುದು:

ಕಣ್ಣು : ಕಣ್ಸನ್ನೆ :: ಬಸ್ಸು : ಬಸ್ ಸ್ಟ್ಯಾಂಡು
ಕಾಲು : ಕಾಲ್ನಡಿಗೆ :: ರೋಡು : ರೋಡ್ ರೋಲರು

ಎರಡಕ್ಕೂ ವ್ಯತ್ಯಾಸವಿಲ್ಲವೆಂದಲ್ಲ. ‘ಕಾಡುಹಣ್ಣು’, ‘ಕಲ್ಲುಸಕ್ಕರೆ’ ಮೊದಲಾದ ಸಮಾಸಗಳಲ್ಲಿ ಉಕಾರ ಒಳಗೂ ನಿಲ್ಲುತ್ತದೆ; ಹೊಸಗನ್ನಡದಲ್ಲಿ ಇಂತಹವೇ ಹೆಚ್ಚು. ಆದುದರಿಂದ ದೇಶ್ಯ ಪದಗಳಲ್ಲಿ ಹಳೆಯ 'ಕಣ್ಸನ್ನೆ' ಮಾದರಿ ಈಗ ಹೊಸ ಸಮಾಸಗಳನ್ನು ಸುಲಭವಾಗಿ ಹುಟ್ಟಿಸುತ್ತಿಲ್ಲ. ಆದರೆ ಅದೇ ಮಾದರಿ ಇಂಗ್ಲಿಷ್ ಪದಗಳಲ್ಲಿ ಇಂದಿಗೂ ಸಜೀವವಾಗಿದೆ. ಹಳಗನ್ನಡದ ಒಂದು ರಚನೆ ತನ್ನ ಮನೆಯಲ್ಲಿ ಬತ್ತಿದರೂ ಹೊರಗಿನಿಂದ ಬಂದ ಪದಗಳ ಮೂಲಕ ದಂಡಿನ ಬೀದಿಯಲ್ಲಿ ಮುಂದುವರಿದಿದೆ. ಕನ್ನಡ ಪದರಚನೆಯನ್ನು ಸಂಸ್ಕೃತದ ಚೌಕಟ್ಟಿನಿಂದಲ್ಲದೆ ಕನ್ನಡದ ಬಳಕೆಯಿಂದಲೇ ವಿವರಿಸಬೇಕೆಂದು ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಕೃತಿಯಲ್ಲಿ ವಾದಿಸಿದ್ದಾರೆ. ಎರವಲು ಪದಗಳ ನಡವಳಿಕೆಯೂ ಅಂತಹ ವ್ಯಾಕರಣಕ್ಕೆ ಆಕರವಾಗಬಲ್ಲದು.

೭. ಉಚ್ಚಾರಾಂಶಗಳ ವಿಭಜನೆ: ಉಳಿಯುವ ಗಡಿ, ಅಳಿಯುವ ಗಡಿ

ಆಘಾತದಂತೆಯೇ ಉಚ್ಚಾರಾಂಶಗಳ ವಿಭಜನೆಯಲ್ಲಿಯೂ ಎರಡು ಭಾಷೆಗಳ ಮಾರ್ಗ ಭಿನ್ನ. ಇಂಗ್ಲಿಷಿನ ಎಚ್ಚರದ ಉಚ್ಚಾರಣೆಯಲ್ಲಿ ಸಮಾಸದ ಎರಡು ಪದಗಳ ನಡುವಣ ಗಡಿ ಉಚ್ಚಾರಾಂಶದ ಗಡಿಯೂ ಆಗಿರುತ್ತದೆ. ರಾತ್ರಿಯ ದರ ಎಂಬರ್ಥದ ‘ನೈಟ್-ರೇಟ್’ ಮತ್ತು ರಾಸಾಯನಿಕವಾದ ‘ನೈ-ಟ್ರೇಟ್’ ಒಂದೇ ಧ್ವನಿಗಳಿಂದಾಗಿದ್ದರೂ ಒಡೆಯುವ ಜಾಗ ಬೇರೆ.

ಕನ್ನಡದಲ್ಲಿ ಉತ್ತರಪದ ಸ್ವರದಿಂದ ಆರಂಭವಾದರೆ ಸಂಧಿ ಈ ಗಡಿಯನ್ನು ದಾಟಿಹೋಗುತ್ತದೆ. ‘ನೂರು’ ಮತ್ತು ‘ಅಡಿ’ ಸೇರಿದಾಗ ಲೋಪಸಂಧಿಯಿಂದ ‘ನೂರಡಿ’ಯಾಗಿ ‘ನೂ-ರ-ಡಿ’ ಎಂದು ಒಡೆಯುತ್ತದೆ. ಪೂರ್ವಪದದ ರಕಾರ ಉತ್ತರಪದದ ಅಕಾರವನ್ನು ಏರಿದೆ. ‘ರೆಡಿಮೇಡ್ ಬಟ್ಟೆ’ಯಲ್ಲಿ ‘ಮೇಡ್’ ಮುಚ್ಚಿದ ಉಚ್ಚಾರಾಂಶವಾಗಿಯೇ ನಿಲ್ಲುತ್ತದೆ. ಆದರೆ ವೇಗದ ಮಾತಿನಲ್ಲಿ ‘ರೆಡಿಮೇಡ್ ಅಂಗಿ’ ಎಂಬುದು ‘ರೆಡಿಮೇಡಂಗಿ’ಯಾಗಿ ‘ರೆ-ಡಿ-ಮೇ-ಡಂ-ಗಿ’ ಎಂದು ಒಡೆಯುತ್ತದೆ. ನೂರಡಿಗೆ ಅನ್ವಯಿಸಿದ ನಿಯಮವೇ ಇಲ್ಲಿಯೂ ಅನ್ವಯಿಸಿದೆ.

ಇಂದಿರಾನಗರದ ಪ್ರಸಿದ್ಧ ರಸ್ತೆಯ ಹೆಸರು ಈ ದೃಷ್ಟಿಯಿಂದ ಸ್ವಾರಸ್ಯಕರ. ಇಂಗ್ಲಿಷಿನಲ್ಲಿ ಅಳತೆಯ ಪದ ವಿಶೇಷಣವಾಗಿ ವಿಶೇಷ್ಯದ ಮೊದಲು ಬಂದಾಗ ಏಕವಚನದಲ್ಲಿರಬೇಕು. ಆ ಪ್ರಕಾರ ಅದು ‘ಹಂಡ್ರೆಡ್-ಫುಟ್ ರೋಡ್’ ಆಗಬೇಕಿತ್ತು. ಬಳಕೆಯಲ್ಲಿ ನೆಲೆಗೊಂಡಿರುವುದು ‘ಹಂಡ್ರೆಡ್ ಫೀಟ್ ರೋಡ್’. ಕನ್ನಡದ ‘ನೂರಡಿ ರಸ್ತೆ’ಯಲ್ಲಾದರೋ ಸಂಖ್ಯೆಯ ಮುಂದೆ ಬಹುವಚನ ಪ್ರತ್ಯಯದ ಅಗತ್ಯವೇ ಇಲ್ಲ. ಕನ್ನಡಿಗನು ತನ್ನ ನುಡಿಯ ಜಾಯಮಾನವನ್ನೇ ಅನುಸರಿಸಿದ್ದರೆ ಇಂಗ್ಲಿಷಿನಲ್ಲಿಯೂ ಶುದ್ಧರೂಪವೇ ದೊರೆಯುತ್ತಿತ್ತು. ತಾಯ್ನುಡಿಯ ಪ್ರಭಾವವೇ ಇಂಗ್ಲಿಷಿನ ದೋಷಗಳಿಗೆಲ್ಲ ಕಾರಣವೆಂಬ ಗ್ರಹಿಕೆಗೆ ಇದೊಂದು ಪ್ರತ್ಯುದಾಹರಣೆ.

ವಿಭಜನೆಯ ಭಿನ್ನತೆ ವಿರುದ್ಧ ದಿಕ್ಕಿನಲ್ಲಿಯೂ ಕೆಲಸಮಾಡಿದೆ. ‘ಹಲಸು’ ಮತ್ತು ‘ಊರು’ ಸೇರಿ ‘ಹಲಸೂರು’ ಆಯಿತೆಂಬುದು ಪ್ರಚಲಿತ ನಿರುಕ್ತಿ. ‘ಹ-ಲ-ಸೂ-ರು’ ಎಂಬ ನಾಲ್ಕು ಉಚ್ಚಾರಾಂಶಗಳ ಈ ಹೆಸರು ಇಂಗ್ಲಿಷಿನಲ್ಲಿ ‘ಅಲ್-ಸೂರ್’ ಎಂದು ಎರಡಕ್ಕೆ ಇಳಿಯಿತು. ಆದಿಯ ಹಕಾರ, ನಡುವಣ ಲಘುಸ್ವರ, ಅಂತ್ಯದ ಉಕಾರ ಮೂರೂ ಲೋಪವಾದವು. ದೀರ್ಘಸ್ವರವಿರುವ ‘ಸೂ’ ಮಾತ್ರ ಗಟ್ಟಿಯಾಗಿ ನಿಂತಿತು. ೨೦೧೧ರಲ್ಲಿ ಮೆಟ್ರೋ ರೈಲು ಆರಂಭವಾದಾಗ ನಿಲ್ದಾಣಕ್ಕೆ ‘ಹಲಸೂರು’ ಎಂಬ ಹೆಸರನ್ನೇ ಇಡಲಾಯಿತು. ಮೂಲದ ನಾಲ್ಕು ಉಚ್ಚಾರಾಂಶಗಳು ಹೀಗೆ ಫಲಕಕ್ಕೆ ಮರಳಿದವು.

ಶಿವಾಜಿನಗರದ ಹಿಂದಿನ ಹೆಸರಾದ ‘ಬ್ಲ್ಯಾಕ್‌ಪಲ್ಲಿ’ ‘ಬಿಳಿ ಅಕ್ಕಿ ಪಳ್ಳಿ’ಯಿಂದ ಬಂದಿತೆಂಬ ಜನಪ್ರಿಯ ವಿವರಣೆಯೂ ಇದೇ ಬಗೆಯದು. ಇಂಗ್ಲಿಷ್ ಬಾಯಿಯಲ್ಲಿ ‘ಬಿಳಿ’ಯ ಹ್ರಸ್ವ ಇಕಾರಗಳು ಕ್ಷೀಣಿಸಿ, ಬಕಾರ ಳಕಾರಗಳು ಕೂಡಿ, ‘ಅಕ್ಕಿ’ಯ ಕಕಾರದಲ್ಲಿ ಉಚ್ಚಾರಾಂಶ ಮುಚ್ಚಿಕೊಂಡರೆ ‘ಬ್ಲ್ಯಾಕ್’ ಎಂಬ ರೂಪ ಸಿದ್ಧಿಸುತ್ತದೆ. ಬಿಳುಪನ್ನು ಹೇಳುವ ಸಮಾಸ ಕಪ್ಪನ್ನು ಹೇಳುವ ಪದವಾಗಿ ಕೇಳುತ್ತದೆ. ಧ್ವನಿಯ ಮಟ್ಟದಲ್ಲಿ ಇದು ಸಾಧ್ಯವೆಂದ ಮಾತ್ರಕ್ಕೆ ಚರಿತ್ರೆಯೆಂದು ಒಪ್ಪಬೇಕಾಗಿಲ್ಲ. ಸ್ಥಳನಾಮದ ನಿರುಕ್ತಿಗೆ ಶಾಸನ ಮತ್ತು ದಾಖಲೆಗಳ ಬೆಂಬಲ ಬೇಕು.

೮. ಸಂದಿಗ್ಧತೆ ಮತ್ತು ಅದರ ಪರಿಹಾರ

ಸಮಾಸದ ಬಗೆಯನ್ನು ಸೂಚಿಸುವ ಕೆಲಸವನ್ನು ಕನ್ನಡದ ಉಕಾರ ಮಾಡುವುದಿಲ್ಲವೆಂದು ಮೇಲೆ ಹೇಳಲಾಯಿತು. ಆ ಕೆಲಸ ಯಾವುದರದು ಎಂಬುದನ್ನು ಎರಡು ಸ್ಥಳನಾಮಗಳಿಂದ ತಿಳಿಯಬಹುದು.

ಮೊದಲನೆಯದು ‘ಟಿನ್ ಫ್ಯಾಕ್ಟರಿ’. ಇಂಗ್ಲಿಷಿನಲ್ಲಿ ‘ˈಟಿನ್ ಫ್ಯಾಕ್ಟರಿ’ ಎಂದರೆ ಟಿನ್ನುಗಳನ್ನು ತಯಾರಿಸುವ ಕಾರ್ಖಾನೆ. ‘ಟಿನ್ ˈಫ್ಯಾಕ್ಟರಿ’ ಎಂದರೆ ತಗಡಿನಿಂದ ಕಟ್ಟಿದ ಕಾರ್ಖಾನೆ. ಕನ್ನಡದ ಉಚ್ಚಾರಣೆಯಲ್ಲಿ ಈ ಭೇದ ಕೇಳುವುದಿಲ್ಲ. ಕನ್ನಡ ಈ ಬಗೆಯ ಭೇದವನ್ನು ವಿಭಕ್ತಿಯಿಂದ ತೋರಿಸಬಲ್ಲದು. ‘ತಗಡು ಕಾರ್ಖಾನೆ’ ಎಂಬ ಸಮಾಸ ತಯಾರಿಕೆಯ ಕಡೆಗೆ ವಾಲುತ್ತದೆ. ‘ತಗಡಿನ ಕಾರ್ಖಾನೆ’ ಎಂಬ ಷಷ್ಠೀರೂಪಕ್ಕೆ ‘ತಗಡಿನ ಮಾಡು’, ‘ತಗಡಿನ ಡಬ್ಬಿ’ಗಳಲ್ಲಿರುವಂತೆ ದ್ರವ್ಯಾರ್ಥವೂ ಸಲ್ಲುತ್ತದೆ.

ಎರಡನೆಯದು ‘ಓಲ್ಡ್’ ಎಂದು ಆರಂಭವಾಗುವ ರಸ್ತೆಗಳ ಹೆಸರು. ಹಲಸೂರಿನಿಂದ ಕೃಷ್ಣರಾಜಪುರದ ಮೂಲಕ ಹೊಸಕೋಟೆ, ಕೋಲಾರಗಳತ್ತ ಸಾಗುವ ರಸ್ತೆ ‘ಓಲ್ಡ್ ಮದ್ರಾಸ್ ರೋಡ್’. ಇಲ್ಲಿ ಹಳೆಯದು ಮದ್ರಾಸಲ್ಲ, ರಸ್ತೆ. ೧೯೯೬ರಲ್ಲಿ ಆ ನಗರದ ಹೆಸರು ಚೆನ್ನೈ ಎಂದಾದ ಮೇಲೆ ‘ಹಳೆಯ ಮದ್ರಾಸು’ ಎಂಬ ತಪ್ಪು ಓದಿಗೂ ಅವಕಾಶವಾಗಿದೆ. ‘ಓಲ್ಡ್ ಏರ್‌ಪೋರ್ಟ್ ರೋಡ್’ ಇನ್ನೂ ಜಟಿಲ. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ಆರಂಭವಾಗಿ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ಸಾರ್ವಜನಿಕ ವಿಮಾನಯಾನ ನಿಂತಾಗ, ಅದುವರೆಗಿನ ‘ಏರ್‌ಪೋರ್ಟ್ ರೋಡ್’ ಹೆಸರಿಗೆ ‘ಓಲ್ಡ್’ ಸೇರಿತು. ಹಳೆಯ ನಿಲ್ದಾಣಕ್ಕೆ ಹೋಗುವ ರಸ್ತೆಯೇ, ಹಿಂದೆ ನಿಲ್ದಾಣದ ರಸ್ತೆಯಾಗಿದ್ದ ರಸ್ತೆಯೇ? ‘ರೋಡ್’ ಅಂತ್ಯದ ಹೆಸರುಗಳಲ್ಲಿ ಪ್ರಧಾನ ಆಘಾತ ‘ರೋಡ್’ ಮೇಲೆಯೇ ಬೀಳುವುದರಿಂದ ಇಂಗ್ಲಿಷಿನ ಆಘಾತವೂ ಇಲ್ಲಿ ಸಂದೇಹವನ್ನು ಪೂರ್ಣವಾಗಿ ಬಿಡಿಸಲಾರದು.

ಕನ್ನಡದಲ್ಲಿ ‘ಹಳೆಯ ವಿಮಾನ ನಿಲ್ದಾಣ ರಸ್ತೆ’ ಎಂದು ಪದಕ್ಕೆ ಪದವಿಟ್ಟರೆ ಅದೇ ಸಂದೇಹ ಉಳಿಯುತ್ತದೆ. ‘ನಿಲ್ದಾಣದ’ ಎಂದು ಷಷ್ಠಿ ಸೇರಿಸಿದರೂ ಹೋಗದು. ಪದಕ್ರಮ ಬದಲಿಸಿದರೆ ಮಾತ್ರ ಸ್ಪಷ್ಟವಾಗುತ್ತದೆ. ‘ಮದ್ರಾಸಿನ ಹಳೆಯ ರಸ್ತೆ’ ಎಂದಾಗ ‘ಹಳೆಯ’ ಎಂಬುದು ತನ್ನ ವಿಶೇಷ್ಯದ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಎರಡನೆಯ ಅರ್ಥಕ್ಕೆ ಎಡೆಯೇ ಇಲ್ಲ. ಇಂಗ್ಲಿಷಿನ ಹೆಸರಿನಲ್ಲಿ ಪದಗಳ ಜಾಗ ಬಿಗಿ. ಕನ್ನಡಕ್ಕೆ ವಿಭಕ್ತಿಯ ಬಲವಿರುವುದರಿಂದ ವಿಶೇಷಣವನ್ನು ಬೇಕಾದಲ್ಲಿಗೆ ಒಯ್ಯಬಹುದು. ಹೆಸರುಗಳನ್ನು ಅನುವಾದಿಸುವವರು ಇಂಗ್ಲಿಷಿನ ಕ್ರಮವನ್ನೇ ಹಿಡಿದಾಗ ಎರಡೂ ಭಾಷೆಗಳ ಸಾಧನ ಕೈತಪ್ಪುತ್ತದೆ: ಆಘಾತ ಬರವಣಿಗೆಗೆ ಬರುವುದಿಲ್ಲ, ವಿಭಕ್ತಿ ಮತ್ತು ಪದಕ್ರಮಗಳನ್ನು ಬಳಸಿಕೊಂಡಿರುವುದಿಲ್ಲ.

೯. ಬೋಧನೆಯ ನೆಲೆ ಮತ್ತು ಉಪಸಂಹಾರ

ಈ ವಿವೇಚನೆಯಿಂದ ತರಗತಿಗೆ ದೊರೆಯುವ ಪ್ರಯೋಜನ ಎರಡು ಬಗೆಯದು. ಇಂಗ್ಲಿಷ್ ಕಲಿಯುವ ಕನ್ನಡ ವಿದ್ಯಾರ್ಥಿಗೆ ‘ಉಕಾರವನ್ನು ಬಿಡು’ ಎಂದಷ್ಟೇ ಹೇಳಿದರೆ ಅವನು ಒಂದು ಸೂಚಕವನ್ನು ಕಳೆದುಕೊಳ್ಳುತ್ತಾನೆ. ಅದರ ಜಾಗಕ್ಕೆ ಮತ್ತೊಂದನ್ನು ಪಡೆಯುವುದಿಲ್ಲ. ಅದರ ಬದಲು ‘ರೆಡಿಮೇಡು’, ‘ರೆಡಿಮೇಡ್ ಬಟ್ಟೆ’ ಎಂಬ ಜೋಡಿಯಲ್ಲಿ ಅವನು ಆಗಲೇ ಪಾಲಿಸುತ್ತಿರುವ ಸ್ಥಾನಭೇದವನ್ನು ತೋರಿಸಿ, ‘ನೀನು ಉಕಾರವನ್ನು ಇಡುವ ಕಡೆಯಲ್ಲಿ ಇಂಗ್ಲಿಷ್ ಎರಡನೆಯ ಪದಕ್ಕೆ ಬಲ ಕೊಡುತ್ತದೆ, ಬಿಡುವ ಕಡೆಯಲ್ಲಿ ಮೊದಲ ಪದಕ್ಕೆ’ ಎಂದು ವಿವರಿಸಬಹುದು. ಗುಣವಾಚಕ, ಸಂಖ್ಯಾವಾಚಕ ಮೊದಲಿಗಿರುವ ವಿಶೇಷಣಗಳಿಗೆ ಈ ಸೂತ್ರ ಬಹುಮಟ್ಟಿಗೆ ಸಾಲುತ್ತದೆ. ‘ವಾಟರ್‌ಪ್ರೂಫ್’ ವರ್ಗವನ್ನು ಅಪವಾದವೆಂದು ಪ್ರತ್ಯೇಕವಾಗಿ ಕಲಿಸಬಹುದು.

ಕನ್ನಡ ಅಧ್ಯಾಪಕರಿಗೆ ದೊರೆಯುವುದು ಸಂಧಿ, ಸಮಾಸಗಳ ಪಾಠಕ್ಕೆ ಸಜೀವ ಉದಾಹರಣೆ. ಹಳಗನ್ನಡದ ‘ಕಣ್’, ‘ಕಾಲ್’ಗಳನ್ನು ವಿದ್ಯಾರ್ಥಿ ಸತ್ತ ರೂಪಗಳೆಂದು ಬಾಯಿಪಾಠ ಮಾಡುವ ಬದಲು, ತಾನು ‘ಬಸ್ಸು’ ಎಂದೂ ‘ಬಸ್ ಸ್ಟ್ಯಾಂಡು’ ಎಂದೂ ಏಕೆ ನುಡಿಯುತ್ತೇನೆಂದು ಕೇಳಿಕೊಂಡರೆ ಕೇಶಿರಾಜನ ವ್ಯಂಜನಾಂತಗಳು ಅವನ ಬಾಯಲ್ಲೇ ದೊರೆಯುತ್ತವೆ.

ಇಂಗ್ಲಿಷ್ ಮಾಧ್ಯಮದ ಶಿಕ್ಷಣ ಹರಡಿದಂತೆ ‘ಈ ಗಾಡಿ ಸೆಕೆಂಡ್‌ಹ್ಯಾಂಡ್’ ಎಂದು ಆಖ್ಯಾತಸ್ಥಾನದಲ್ಲಿಯೂ ಉಕಾರವನ್ನು ಬಿಡುವ ಬಳಕೆ ನಗರದಲ್ಲಿ ಕೇಳಿಬರುತ್ತಿದೆ. ಇದನ್ನು ಉಚ್ಚಾರಣೆಯ ಸುಧಾರಣೆಯೆಂದು ಸುಲಭವಾಗಿ ಭಾವಿಸಬಹುದು. ಆದರೆ ಉಕಾರ ಹೋದಲ್ಲಿ ಇಂಗ್ಲಿಷಿನ ಆಘಾತ ಬಂದು ಕೂಡುವುದಿಲ್ಲ. ಆಗ ಆ ಮಾತು ಇಂಗ್ಲಿಷಿನ ಸೂಚಕವನ್ನೂ ಪಡೆಯದೆ, ಕನ್ನಡದ ಸೂಚಕವನ್ನೂ ಉಳಿಸಿಕೊಳ್ಳದೆ ನಿಲ್ಲುತ್ತದೆ. ಶಿವಾಜಿನಗರದ ಅಂಗಡಿಯಲ್ಲಿ ‘ಇದು ಸೆಕೆಂಡ್‌ಹ್ಯಾಂಡು’ ಎನ್ನುವವನ ಮಾತಿನಲ್ಲಿರುವುದು ಅಶಿಕ್ಷಿತನ ತೊದಲಲ್ಲ. ಎರವಲು ಪದವೊಂದನ್ನು ತನ್ನ ಭಾಷೆಯ ಪ್ರಾಚೀನ ನಿಯಮಕ್ಕೆ ಒಳಪಡಿಸಿಕೊಂಡ ವ್ಯಾಕರಣಜ್ಞಾನ. ಕನ್ನಡ ವಿಭಾಗಗಳು ಈ ಜ್ಞಾನವನ್ನು ದಾಖಲಿಸಿ ವಿವರಿಸುವ ಕಾರ್ಯವನ್ನು ಕೈಗೊಂಡರೆ, ಹಳಗನ್ನಡದ ವ್ಯಾಕರಣವೂ ಇಂದಿನ ಬೀದಿಯ ಮಾತೂ ಒಂದನ್ನೊಂದು ಬೆಳಗುವುದು ಸಾಧ್ಯವಾಗುತ್ತದೆ.